ಸೈಲೆನ್ಸರ್ ಬಿಚ್ಚಿಕೊಂಡರೆ ಬೋಲ್ಟನ್ನು ಬೈಯಬೇಡಿ

ಚನ್ನಪಟ್ಟಣದಲ್ಲಿ ಹಳೇ ಮೈಸೂರು ರಸ್ತೆಯ ಪಕ್ಕ ನನ್ನದೊಂದು ಶೆಡ್ಡು. ಟಿವಿಎಸ್ ಮೊಪೆಡ್ಡು, ಕಳೆ ಹೊಡೆಯುವ ಬ್ರಷ್ ಕಟರ್, ಔಷಧಿ ಸ್ಪ್ರೇಯರ್, ವರ್ಷಕ್ಕೆ ನಾಲ್ಕೈದು ಟಿಲ್ಲರ್. ಸಣ್ಣ ಎಂಜಿನ್ ಇರುವುದು ಏನೇ ಬಂದರೂ ಬಿಚ್ಚುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಇಷ್ಟು ದಿನದಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು, ‘ಯಾಕಣ್ಣ, ಮೊನ್ನೆ ತಾನೇ ಬಿಗಿ ಮಾಡಿಸ್ಕೊಂಡು ಹೋಗಿದ್ನಲ್ಲ, ಸೈಲೆನ್ಸರ್ ಮತ್ತೆ ಅಲ್ಲಾಡ್ತದೆ’. ಹೀಗೆ ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಎಳೆಯಬೇಡಿ. ಶುರುವಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಒಂದು ದಿನ ಸಿಲಿಂಡರ್ ಬಾಯಲ್ಲೇ ಸ್ಟಡ್ಡು ಮುರಿದು, ಅದನ್ನು ಕೊರೆದು ತೆಗೆಯಲು ಅರ್ಧ ದಿನ ಹೋಯಿತು. ಅಲ್ಯೂಮಿನಿಯಂ ಥ್ರೆಡ್ಡೂ ಕಿತ್ತುಬಂತು. ಬೋಲ್ಟು ಅಂದರೆ ಗಟ್ಟಿ ಸ್ಪ್ರಿಂಗು. ಚೂರು ಎಳೆದುಕೊಂಡು, ಆ ಎಳೆತದಲ್ಲೇ ಎರಡು ಭಾಗಗಳನ್ನು ಒತ್ತಿ ಹಿಡಿದಿರುತ್ತದೆ. 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. 12 ಸೆಂಟಿಮೀಟರ್ ಸ್ಪ್ಯಾನರ್‌ನ ತುದಿಗೆ ಎಂಟು ಕೆಜಿ ತೂಕ ನೇತುಹಾಕಿದಷ್ಟು. ಅದಕ್ಕಿಂತ ಜಾಸ್ತಿ ಎಳೆದರೆ ಸ್ಪ್ರಿಂಗು ಸತ್ತುಹೋಗುತ್ತದೆ.

2. ಬಿಗಿಸುವ ಮೊದಲು ಒರೆಸಿ. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುತ್ತದೆ, ಅರ್ಧಂಬರ್ಧ ಸುಟ್ಟ ಎಣ್ಣೆಯನ್ನು ಸೈಲೆನ್ಸರ್ ಬಾಯಲ್ಲಿ ಉಗುಳುತ್ತದೆ. ಆ ಕರಿ ಮಸಿಯ ಮೇಲೇ ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿಸಿದರೆ ಅವತ್ತು ಕಲ್ಲಿನ ಹಾಗೆ ಕೂರುತ್ತದೆ. ಎಂಜಿನ್ ಕಾದ ಮೇಲೆ ಮಸಿ ಉರಿದು ಹೋಗುತ್ತದೆ, ಅದಿದ್ದ ಜಾಗ ಖಾಲಿ. ಬೋಲ್ಟು ಒಂದು ಸುತ್ತೂ ತಿರುಗಿರುವುದಿಲ್ಲ, ಆದರೂ ಬಿಗಿ ಹೋಗಿರುತ್ತದೆ. ಆದ್ದರಿಂದ ಎರಡೂ ಮುಖಗಳನ್ನು ಲೋಹ ಹೊಳೆಯುವವರೆಗೆ ಕೆರೆದು, ಥ್ರೆಡ್ಡುಗಳನ್ನು ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ. ಗ್ಯಾಸ್ಕೆಟ್ ಪ್ರತಿ ಸಲ ಹೊಸದೇ ಇರಲಿ. ತೀರಾ ಹಳೇ ಗಾಡಿಯ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು, ಅದನ್ನು ನೀರು ಚಿಮುಕಿಸಿ ತೆಗೆಯಿರಿ, ಬಾಯಲ್ಲಿ ಊದಬೇಡಿ.

3. ಕೂರಿಸುವುದು ಮೊದಲು, ಬಿಗಿಸುವುದು ಆಮೇಲೆ. ಇದನ್ನು ಕಲಿಸಿದ್ದು ಒಬ್ಬ ರೈತನ ಎರಡು ಮೂಟೆ ರೇಷ್ಮೆ ಗೂಡು.

ಅವನ ಎಕ್ಸ್ಎಲ್ ಗಾಡಿಯ ಸೈಲೆನ್ಸರ್ ಬದಲಾಯಿಸಿದ್ದೆ. ಹೊಸದರ ಹಿಂದಿನ ಪಟ್ಟಿ ಅರ್ಧ ಇಂಚು ಆಚೆ ಬರುತ್ತಿತ್ತು. ಸಣ್ಣ ಹಾರೆ ಕೊಟ್ಟು ಮೀಟಿ, ತೂತು ಕೂಡಿದ ತಕ್ಷಣ ಬೋಲ್ಟು ಹೊಡೆದು ಕಳಿಸಿದೆ. ನಾಲ್ಕನೇ ದಿನ ಬೆಳಕು ಹರಿಯುವ ಮೊದಲೇ ಅವನು ಗಾಡಿ ತಳ್ಳಿಕೊಂಡು ಬಂದ. ಸೈಲೆನ್ಸರನ್ನು ಕಟ್ಟು ತಂತಿಯಲ್ಲಿ ನೇತುಹಾಕಿದ್ದಾನೆ, ಮುಂದಿನ ಎರಡು ನಟ್ಟುಗಳಲ್ಲಿ ಒಂದು ದಾರಿಯಲ್ಲೇ ಬಿದ್ದಿದೆ, ಗೋಣಿಯ ಮೂಲೆ ಕಂದು ಬಣ್ಣಕ್ಕೆ ತಿರುಗಿದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾಕ್ಕೇ ದೊಡ್ಡದು ಅಂತಾರೆ. ಎಷ್ಟು ದೊಡ್ಡದಾದರೂ ಹರಾಜು ಯಾರಿಗೂ ಕಾಯುವುದಿಲ್ಲ, ಗೂಡೂ ಕಾಯುವುದಿಲ್ಲ. ದಿನ ಮೀರಿದರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದು ಬರುತ್ತದೆ. ‘ನಿನ್ನ ಒಂದು ನಟ್ಟಿಗೆ ನನ್ನ ಒಂದು ಬೆಳೆ ಕಣಣ್ಣ’ ಅಂದ. ನನ್ನ ಅಣ್ಣನ ಮಗನ ಗಾಡಿಯಲ್ಲಿ ಮೂಟೆ ಕಳಿಸಿದೆ. ಆ ಮಾತು ಮಾತ್ರ ಇಲ್ಲೇ ಉಳಿಯಿತು.

ಹಿಂದೆ ಮೀಟಿ ಹಿಡಿಸಿದ ಪೈಪು ಒಂದು ಉದ್ದನೆಯ ಸನ್ನೆಗೋಲು. ಪ್ರತಿ ಹಂಪಿನಲ್ಲೂ ಅದು ಮುಂದಿನ ನಟ್ಟುಗಳನ್ನು ಕೀಳುತ್ತಲೇ ಇರುತ್ತದೆ. ನಮ್ಮ ಬೀದಿಯ ಗೊಂಬೆ ಕೆಲಸದ ಹಿರಿಯರೊಬ್ಬರಿಗೆ ಇದನ್ನು ಹೇಳಿದರೆ ನಕ್ಕರು. ಅವರು ಆಲೆ ಮರದ ತುಂಡನ್ನು ಲೇತಿಗೆ ಹಾಕಿದಾಗ ಮೊದಲು ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ವಾಲಾಡಿದರೆ ತೆಗೆದು ಮತ್ತೆ ಕೂರಿಸುತ್ತಾರೆ. ವಾಲಾಡುವ ಮರಕ್ಕೆ ಅರಗು ಒತ್ತಿದರೆ ಬಣ್ಣ ಒಂದೇ ಕಡೆ ಹಿಡಿಯುತ್ತದಂತೆ.

ಈಗ ನನ್ನ ಕ್ರಮ ಹೀಗೆ. ಎಲ್ಲ ನಟ್ಟು ಬೋಲ್ಟುಗಳನ್ನೂ ಬೆರಳಲ್ಲಿ ಹಿಡಿಸಿ, ಸೈಲೆನ್ಸರನ್ನು ಎರಡು ಸಲ ಅಲ್ಲಾಡಿಸಿ ತಾನಾಗಿ ಕೂರಲು ಬಿಡುತ್ತೇನೆ. ಮೊದಲು ಮುಂದಿನ ಎರಡನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಸುತ್ತೇನೆ, ಹಿಂದಿನದು ಕೊನೆಗೆ. ತೂತು ಕೂಡದಿದ್ದರೆ ವಾಷರ್ ತುಂಬುತ್ತೇನೆ, ಇಲ್ಲವೇ ತೂತನ್ನು ಉದ್ದ ಮಾಡುತ್ತೇನೆ. ಫ್ಲೇಂಜ್ ಸೊಟ್ಟಗಿದೆಯೇ ಅಂತ ಅನುಮಾನವಿದ್ದರೆ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ನಾಲ್ಕು ಸಲ ಉಜ್ಜುತ್ತೇನೆ, ಉಬ್ಬಿದ ಕಡೆ ಮಾತ್ರ ಬೆಳ್ಳಗಾಗುತ್ತದೆ.

4. ಸ್ಪ್ರಿಂಗ್ ವಾಷರನ್ನು ಅತಿಯಾಗಿ ನಂಬಬೇಡಿ. ಸೈಲೆನ್ಸರ್ ಬಾಯಿಯ ಶಾಖಕ್ಕೆ ಅದರ ಕಸುವು ಹೋಗಿ ಬರೀ ಸೀಳಿದ ಉಂಗುರವಾಗುತ್ತದೆ. ಜರ್ಮನಿಯ ಯೂಂಕರ್ ಎಂಬ ಎಂಜಿನಿಯರ್ 1969ರಲ್ಲೇ ತೋರಿಸಿಕೊಟ್ಟಿದ್ದಾನೆ: ಬೋಲ್ಟನ್ನು ತಿರುಗಿಸಿ ಬಿಚ್ಚುವುದು ಮೇಲೆ ಕೆಳಗಿನ ಕುಲುಕಾಟಕ್ಕಿಂತ ಹೆಚ್ಚಾಗಿ ಅಡ್ಡಡ್ಡ ಜಾರಾಟ, ಅದನ್ನು ಈ ವಾಷರ್ ತಡೆಯುವುದಿಲ್ಲ. ಒಳಗೆ ನೈಲಾನ್ ಉಂಗುರವಿರುವ ನಟ್ಟೂ ಇಲ್ಲಿ ಬೇಡ, ನೈಲಾನ್ ಕರಗುತ್ತದೆ. ಪೂರ್ತಿ ಲೋಹದ ಲಾಕ್ ನಟ್ ಸಿಕ್ಕರೆ ಹಾಕಿ. ಸ್ಟಡ್ಡು ಉದ್ದವಿದ್ದರೆ ಒಂದರ ಮೇಲೊಂದು ಎರಡು ನಟ್ಟು ಹಾಕಿದರೂ ಆಯಿತು.

5. ನೀಲಿ ಲಾಕ್‌ಟೈಟ್ ಒಳ್ಳೆಯದೇ, ಸೈಲೆನ್ಸರ್ ಬಾಯಿಗಲ್ಲ. 150 ಡಿಗ್ರಿ ದಾಟಿದ ಮೇಲೆ ಅದರ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಹಿಂದಿನ ಪಟ್ಟಿಯ ಬೋಲ್ಟಿಗೆ ಹಾಕಿ.

6. ಒಮ್ಮೆ ಕಾಯಿಸಿ, ಆರಿಸಿ, ಮತ್ತೆ ಬಿಗಿಸಿ. ಕಬ್ಬಿಣ ಒಂದು ಪಾಲು ಹಿಗ್ಗಿದರೆ ಅಲ್ಯೂಮಿನಿಯಂ ಹೆಚ್ಚುಕಮ್ಮಿ ಎರಡು ಪಾಲು ಹಿಗ್ಗುತ್ತದೆ. ಮೊದಲ ಸಲ ಕಾದಾಗ ಹೊಸ ಗ್ಯಾಸ್ಕೆಟ್ ಹಿಂಡಿಸಿಕೊಂಡು ತೆಳ್ಳಗಾಗುತ್ತದೆ, ಆರಿದಾಗ ಹಿಂದಿನ ದಪ್ಪಕ್ಕೆ ಬರುವುದಿಲ್ಲ. ಹದಿನೈದು ನಿಮಿಷ ಓಡಿಸಿ, ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ಸ್ಪ್ಯಾನರ್ ಹಾಕಿ ನೋಡಿ. ಕಾಲು ಸುತ್ತು ಬಂದೇ ಬರುತ್ತದೆ. ಬಿಸಿಯಲ್ಲಿ ಬಿಗಿಸಲು ಹೋದರೆ ಥ್ರೆಡ್ಡು ಹೋಗುತ್ತದೆ.

7. ಅಲುಗಾಟ ಎಲ್ಲಿಂದ ಬರುತ್ತಿದೆ ಹುಡುಕಿ. ಕನಕಪುರ ಕಡೆಯ ಒಂದು ಬ್ರಷ್ ಕಟರ್ ಒಂದೇ ಮಳೆಗಾಲದಲ್ಲಿ ಮೂರು ಸಲ ಬಂತು. ಮೂರನೇ ಸಲ ಸೈಲೆನ್ಸರ್ ಬಿಟ್ಟು ಬ್ಲೇಡು ಬಿಚ್ಚಿದೆ. ಆ ಕಡೆ ಹೊಲವೆಂದರೆ ಅರ್ಧ ಬಂಡೆ. ಬ್ಲೇಡಿನ ಎರಡು ಹಲ್ಲು ಮುರಿದಿದ್ದವು. ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ಸುತ್ತುವ ಬ್ಲೇಡಿಗೆ ಒಂದು ಕಡೆ ಭಾರ ಕಮ್ಮಿಯಾದರೆ ಇಡೀ ಮೆಷಿನ್ನು ಕುಣಿಯುತ್ತದೆ, ಹೊಡೆತ ತಿನ್ನುವುದು ಅತಿ ಸಡಿಲವಾದ ಬೋಲ್ಟು. ಬ್ಲೇಡು ಬದಲಾಯಿಸಿದ ಮೇಲೆ ಅದು ಬರಲಿಲ್ಲ. ಮೊಪೆಡ್ಡಿನಲ್ಲಾದರೆ ಎಂಜಿನ್ ಕೂರುವ ರಬ್ಬರ್ ಬುಷ್ ನೋಡಿ. 2023ರ ಆಗಸ್ಟಿನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಎಲ್ಲರೂ ಸರ್ವಿಸ್ ರಸ್ತೆಯ ಹಂಪು ಹತ್ತಿಳಿಯುವವರೇ. ಬುಷ್ ವ್ಯಾಪಾರ ಚೆನ್ನಾಗಿದೆ, ಸುಳ್ಳು ಹೇಳಲಾರೆ.

8. ಎಣ್ಣೆ ಅಳೆದು ಹಾಕಿ. 50:1 ಎಂದಿದ್ದರೆ ಲೀಟರಿಗೆ 20 ಎಂಎಲ್, 25:1 ಎಂದಿದ್ದರೆ 40. ‘ಜಾಸ್ತಿ ಇದ್ರೆ ಎಂಜಿನ್‌ಗೆ ಒಳ್ಳೇದಲ್ವಾ’ ಅಂತ ಸುರಿದರೆ ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟುತ್ತದೆ, ಹೊಗೆಗೆ ದಾರಿಯಿಲ್ಲದೆ ಬಾಯಿ ಇನ್ನಷ್ಟು ಕಾಯುತ್ತದೆ.

9. ಬೋಲ್ಟು ಸಡಿಲವಾದರೂ ಬೀಳಬಾರದು. ಒಂದು ಭಾನುವಾರ ಮಾಗಡಿ ಕಡೆ ಒಣಗಿದ ಕೆರೆಯಂಗಳದಲ್ಲಿ ಬೆಂಗಳೂರಿನ ಹುಡುಗನೊಬ್ಬ ಮಾಡೆಲ್ ಹೆಲಿಕಾಪ್ಟರ್ ಹಾರಿಸುತ್ತಿದ್ದ. ನಾನು ಟಿಲ್ಲರ್ ನೋಡಲು ಹೋದವನು ಸದ್ದು ಕೇಳಿ ನಿಂತೆ. ಎಂಜಿನ್ ಎಂಟು ಸಿಸಿ, ನನ್ನ ಮುಷ್ಟಿಯೊಳಗೆ ಹಿಡಿಯುತ್ತದೆ. ಸುತ್ತು ನಿಮಿಷಕ್ಕೆ 15,000ದ ಆಸುಪಾಸು. ‘ಅಂಕಲ್, ಮಫ್ಲರ್ ಲೂಸಾಗ್ತಾನೇ ಇದೆ’ ಅಂದ. ಮೂಸಿ ನೋಡಿದರೆ ಹರಳೆಣ್ಣೆಯ ವಾಸನೆ! ಆ ಎಂಜಿನ್ನಿಗೆ ಮೆಥನಾಲ್, ನೈಟ್ರೋಮೀಥೇನ್ ಜೊತೆ ಹರಳೆಣ್ಣೆ ಬೆರೆಸುತ್ತಾರಂತೆ. ಸ್ಕ್ರೂಗಳು ಎಣ್ಣೆಯಲ್ಲಿ ಮಿಂದಿದ್ದವು. ಮೇಲೆ ಹೇಳಿದ್ದೆಲ್ಲ ಅಲ್ಲೂ ಅದೇ: ತೊಳೆ, ಒರೆಸು, ಮುಖ ಉಜ್ಜು, ಕಾಯಿಸಿ ಆರಿಸಿ ಬಿಗಿಸು. ಆದರೆ ನನ್ನ ಗಾಡಿಯ ನಟ್ಟು ರಸ್ತೆಗೆ ಬೀಳುತ್ತದೆ, ಅವನದು ತಿರುಗುವ ರೆಕ್ಕೆಗೆ ಬಡಿದರೆ ಎದುರಿಗಿದ್ದವನ ಕಣ್ಣು.

ಅದಕ್ಕೆ ಮದ್ದು ಎಚ್ಎಎಲ್‌ನಲ್ಲಿ ದುಡಿದು ನಿವೃತ್ತರಾದ ನಮ್ಮೂರಿನವರೊಬ್ಬರು ತೋರಿಸಿಕೊಟ್ಟಿದ್ದರು. ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆದು, ಸ್ಟೀಲ್ ತಂತಿ ತೂರಿಸಿ, ಜಡೆಯ ಹಾಗೆ ಹೆಣೆದು ಪಕ್ಕದ ಬೋಲ್ಟಿಗೆ ಕಟ್ಟುವುದು. ಒಂದು ಬಿಚ್ಚಿಕೊಳ್ಳಲು ತಿರುಗಿದರೆ ಇನ್ನೊಂದನ್ನು ಬಿಗಿ ಮಾಡುವ ಕಡೆಗೇ ತಂತಿ ಎಳೆಯಬೇಕು. ಉಲ್ಟಾ ಕಟ್ಟಿದರೆ ಕಟ್ಟದಿದ್ದ ಹಾಗೆ. ತಂತಿ ಬಿಗಿಯನ್ನು ಕಾಪಾಡುವುದಿಲ್ಲ, ಬೋಲ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಹುಡುಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಈಗ ನನ್ನ ಬ್ರಷ್ ಕಟರ್ ಗಿರಾಕಿಗಳಲ್ಲೂ ಕೇಳಿದವರಿಗೆ ಕಟ್ಟಿಕೊಡುತ್ತೇನೆ.

ಸೈಲೆನ್ಸರ್ ಹಾಕಿಸಿಕೊಂಡು ಹೋದವರು ನೂರು ಕಿಲೋಮೀಟರ್ ಆದ ಮೇಲೆ ಗಾಡಿ ತಂದು ಒಂದರ್ಧ ಗಂಟೆ ಆರಲು ಬಿಡಿ. ಎರಡನೇ ಸಲ ಬಿಗಿಸುವುದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.