ಧರೆ ಜರಿದರೆ ಯಾವ ಪಾಲಿಸಿ?

ಮನೆ ಕಟ್ಟಿಸುತ್ತಿರುವವರನ್ನು "ಇನ್ಶೂರೆನ್ಸ್ ಆಗಿದೆಯಾ?" ಎಂದು ಕೇಳಿ ನೋಡಿ. ಮೂಡಿಗೆರೆಯಿಂದ ಕಳಸದವರೆಗೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಬ್ಯಾಂಕಿನವರೇ ಮಾಡಿಸಿದ್ದಾರೆ." ಕಾಗದ ತೆಗೆಸಿ ಓದಿದರೆ ಅನೇಕ ಸಲ ಅದು ಸಾಲಗಾರನ ಜೀವದ ಮೇಲಿನ ವಿಮೆ. ನಾವು ಸತ್ತರೆ ಸಾಲ ತೀರುತ್ತದೆ. ಅರ್ಧ ಎದ್ದ ಗೋಡೆ ಮಳೆಗಾಲದಲ್ಲಿ ತೋಡಿಗೆ ಹೋದರೆ ಆ ಪಾಲಿಸಿಗೆ ಸಂಬಂಧವೇ ಇಲ್ಲ, ಕಂತು ಮಾತ್ರ ಕಟ್ಟುತ್ತಲೇ ಇರಬೇಕು. ಅದರ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿದ್ದರೆ ಅದಕ್ಕೂ ಬಡ್ಡಿ. ನಮ್ಮ ಸಾಲದ ಕಡತದಲ್ಲಿ ಇದ್ದದ್ದೂ ಇದೇ.

ಬಣಕಲ್ ಕಡೆ ನಮಗಿದ್ದ ಜಾಗ ಇಳಿಜಾರು. ಮಲೆನಾಡಿನಲ್ಲಿ ಸಮತಟ್ಟು ಎಂದರೆ ಗದ್ದೆ, ಇಲ್ಲವೇ ಕಾಫಿ ಕಣ. ಎರಡನ್ನೂ ಮನೆಗೆ ಬಿಟ್ಟುಕೊಡಲು ಯಾರಿಗೂ ಮನಸ್ಸಾಗದು. ಹಾಗಾಗಿ ಜೆಸಿಬಿ ತರಿಸಿ ಗುಡ್ಡ ಕಡಿಯುತ್ತೇವೆ, ಕಡಿದ ಮಣ್ಣನ್ನು ಕೆಳಕ್ಕೆ ತಳ್ಳಿ ಅಂಗಳ ಮಾಡುತ್ತೇವೆ. ಹಿಂದೆ ಆಳೆತ್ತರ ಮೀರಿದ ಧರೆ, ಮುಂದೆ ತುಂಬಿಸಿದ ಮಣ್ಣು, ನಡುವೆ ಮನೆ. ಇಲ್ಲಿ ವಿಮೆಯ ಪ್ರಶ್ನೆ ಗೋಡೆಗಿಂತ ಮೊದಲು ಈ ಎರಡು ಮಣ್ಣಿನ ಪ್ರಶ್ನೆ.

2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಇಳಿದು ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರ್ತಿ ಬಿದ್ದ ಮನೆಗೆ ಆ ವರ್ಷ ರಾಜ್ಯ ಸರ್ಕಾರ ಘೋಷಿಸಿದ್ದು 5 ಲಕ್ಷ ರೂಪಾಯಿ. ಅದು ಆ ಸಲದ ವಿಶೇಷ ನಿರ್ಧಾರ. ವಿಪತ್ತು ಪರಿಹಾರ ನಿಧಿಗೆಂದು ಕೇಂದ್ರ 2022ರಲ್ಲಿ ಹೊರಡಿಸಿದ ನಿಯಮದಲ್ಲಿ ಗುಡ್ಡಗಾಡಿನ ಮನೆಯೊಂದು ಪೂರ್ತಿ ನಾಶವಾದರೆ 1.30 ಲಕ್ಷ. ಇವತ್ತಿನ ಕಲ್ಲು, ಸಿಮೆಂಟ್, ಕೂಲಿಯ ದರದಲ್ಲಿ ಅಷ್ಟಕ್ಕೆ ಪಾಯ ಮೇಲೆದ್ದರೆ ಪುಣ್ಯ.

ಮನೆಗೆಂದೇ ಇರುವ 'ಭಾರತ್ ಗೃಹ ರಕ್ಷಾ' ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಳ್ಳೆಯ ಪಾಲಿಸಿ. ಬಿರುಗಾಳಿ, ನೆರೆ, ಸಿಡಿಲು, ಭೂಕುಸಿತ, ಕಾಡ್ಗಿಚ್ಚು, ಮನೆಯ ಮೇಲೆ ಬೀಳುವ ಮರ ಎಲ್ಲವೂ ಅದರಲ್ಲಿವೆ. ನಮ್ಮ ಸಿಲ್ವರ್ ಓಕ್‌ಗಳ ಎತ್ತರ ನೋಡಿದರೆ ಕೊನೆಯದು ಸಣ್ಣ ಮಾತಲ್ಲ. ತಡೆಗೋಡೆ, ಕಾಂಪೌಂಡು, ನೀರಿನ ಟ್ಯಾಂಕು ಕೂಡ ಮನೆಯ ಭಾಗವೇ. ಆದರೆ ಅದು ಕಟ್ಟಿ ಮುಗಿದ ಮನೆಗೆ. ಕಟ್ಟಡದ ಕೆಲಸ ಅಥವಾ ಮಣ್ಣು ಅಗೆತದಿಂದಾದ ಕುಸಿತ, ತುಂಬಿಸಿದ ಮಣ್ಣು ಕುಳಿತು ಬಿರಿದದ್ದು, ಹೊಸ ಮನೆ ತಾನಾಗಿ ಕೂರುವಾಗ ಬರುವ ಬಿರುಕು, ಇವಕ್ಕೆ ಹಣ ಕೊಡುವುದಿಲ್ಲವೆಂದು ಅದೇ ಪಾಲಿಸಿ ಬರೆದಿದೆ. ಅಂಗಳವೆಲ್ಲ ತುಂಬಿಸಿದ ಮಣ್ಣಾಗಿರುವ ನಮ್ಮವರು ಓದಲೇಬೇಕಾದ ಸಾಲು ಅದು. ನನ್ನ ಪ್ರಕಾರ ಮನೆಯ ಒಂದು ಕಂಬವೂ ತುಂಬಿಸಿದ ಮಣ್ಣಿನ ಮೇಲೆ ನಿಲ್ಲಬಾರದು. ಅದಕ್ಕೆ ಪರಿಹಾರ ಗಟ್ಟಿ ನೆಲದವರೆಗೆ ಇಳಿಸಿದ ಪಾಯ, ವಿಮೆಯಲ್ಲ.

ಕಟ್ಟುವ ಕಾಲಕ್ಕೆ ಬೇಕಾದದ್ದು 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಎಂಬ ಪಾಲಿಸಿ. ಗುತ್ತಿಗೆದಾರನ ಹೆಸರಿದ್ದರೂ ಮಾಲೀಕ ಮಾಡಿಸಬಹುದು, ಇಬ್ಬರ ಹೆಸರಿನಲ್ಲಿ ಒಟ್ಟಿಗೆ ಇರುವುದು ಇನ್ನೂ ಒಳ್ಳೆಯದು. ನಾನು ಕೇಳಿದಾಗ ಏಜೆಂಟರು ನಕ್ಕರು: "ಇದು ಸೇತುವೆ, ಅಪಾರ್ಟ್‌ಮೆಂಟ್ ಕಟ್ಟೋರಿಗೆ ಸಾರ್." ಸಣ್ಣ ಮನೆಗೂ ಕೊಡುತ್ತಾರೆ, ಬೆನ್ನು ಹತ್ತಬೇಕು.

ಇದನ್ನು ಕೊಂಡರೆ ಸಾಲದು, ಮಲೆನಾಡಿಗೆ ತಕ್ಕಂತೆ ಬರೆಸಬೇಕು. ನಮ್ಮಲ್ಲಿ ಕೂಲಿ ಮಾತ್ರ ಗುತ್ತಿಗೆ, ಸಾಮಾನು ನಮ್ಮದು. ಬಾಗಿಲಿಗೆ ತೋಟದ ಹಲಸು, ಜಂತಿಗೆ ತೋಟದ್ದೇ ಮರ. ದುಡ್ಡು ಕೊಟ್ಟಿಲ್ಲವೆಂದು ಅದನ್ನು ಲೆಕ್ಕ ಬಿಟ್ಟರೆ ವಿಮಾ ಮೊತ್ತ ಕಡಿಮೆಯಾಗಿ, ನಷ್ಟವಾದಾಗ ಆ ಪ್ರಮಾಣಕ್ಕೇ ಪರಿಹಾರವನ್ನೂ ಕತ್ತರಿಸುತ್ತಾರೆ. ಮುಗಿದ ಮನೆಯ ಪೂರ್ತಿ ಬೆಲೆ ಬರೆಸಿ, ತಡೆಗೋಡೆಯನ್ನೂ ಸೇರಿಸಿ. ಇನ್ನು ಕೆಲಸ ನಿಂತ ಅವಧಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೇಸ್ತ್ರಿ ಬರುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಆಳೂ ಸಿಗುವುದಿಲ್ಲ. ಕೆಲಸ ಸ್ಥಗಿತವಾದದ್ದರಿಂದ ಆಗುವ ನಷ್ಟವನ್ನು ಈ ಪಾಲಿಸಿ ಹೊರಗಿಡುತ್ತದೆ. ಆದ್ದರಿಂದ ಮಳೆಗಾಲದ ಬಿಡುವನ್ನು ಮೊದಲೇ ಕಂಪನಿಗೆ ಪತ್ರ ಬರೆದು ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಬೇಕು. ಅವಧಿ ಮೇ ತಿಂಗಳಿಗೇ ಮುಗಿಯುವಂತಿದ್ದರೆ ಪಾಲಿಸಿ ತೆಗೆದುಕೊಂಡದ್ದಕ್ಕೆ ಅರ್ಥವೇ ಇಲ್ಲ.

ಗೃಹಪ್ರವೇಶದ ಸಂಗತಿಯೂ ಇದೆ. ಮುಹೂರ್ತ ಸಿಕ್ಕಿತೆಂದು ಹಿಂದಿನ ಕೋಣೆಗಳು ಬಾಕಿಯಿರುವಾಗಲೇ ಹಾಲು ಉಕ್ಕಿಸಿ ಒಕ್ಕಲಾಗುವವರು ಬಹಳ ಮಂದಿ. ವಾಸಕ್ಕೆ ಬಳಸತೊಡಗಿದ ಭಾಗಕ್ಕೆ ಈ ಪಾಲಿಸಿ ಅಲ್ಲಿಗೆ ಮುಗಿಯುತ್ತದೆ. ಗೃಹ ರಕ್ಷಾ ಪಾಲಿಸಿ ಆ ದಿನದ ಹೊತ್ತಿಗೆ ಕೈಯಲ್ಲಿರಬೇಕು.

ನಮ್ಮ ಧರೆ ಜರಿದದ್ದು ಜುಲೈ ಮಳೆಯಲ್ಲಿ. ಹೊಸ ತಡೆಗೋಡೆಯ ಒಂದು ಭಾಗ ಮತ್ತು ಅಡುಗೆಮನೆಯ ಗೋಡೆ ಹೋದವು. ಛತ್ರಿ ಹಿಡಿದು ಬಂದ ಸರ್ವೇಯರ್ ಸುತ್ತ ನೋಡಿ, "ಗೋಡೆಗಿಂತ ಮಣ್ಣೇ ಜಾಸ್ತಿ ಬಿದ್ದಿದೆಯಲ್ಲ ಸಾರ್," ಎಂದರು. ನಿಜ. ಟಿಪ್ಪರ್‌ನಲ್ಲಿ ಮಣ್ಣು ಸಾಗಿಸುವ ಖರ್ಚು ಗೋಡೆ ಕಟ್ಟುವ ಖರ್ಚನ್ನು ಮೀರುತ್ತಿತ್ತು. ಅವಶೇಷ ತೆಗೆಸುವ ವೆಚ್ಚ ನಾವು ಮಾಡಿಸಿದ್ದ 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಪಾಲಿಸಿಯಲ್ಲಿ ತಾನಾಗಿ ಬರುವುದಿಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು. ನಮ್ಮ ಎಂಜಿನಿಯರ್ ಹಟ ಹಿಡಿದು ಸೇರಿಸಿದ್ದರಿಂದ ಅದರ ಒಂದು ಪಾಲು ಬಂತು. ಸರ್ವೇಯರ್ ಮೊದಲು ಕೇಳಿದ್ದು ತಡೆಗೋಡೆಯ ನಕ್ಷೆ. ವಿನ್ಯಾಸದ ದೋಷಕ್ಕೆ ಪರಿಹಾರವಿಲ್ಲ. ಮೇಸ್ತ್ರಿ ಕಣ್ಣಳತೆಯಲ್ಲಿ ಕಟ್ಟಿದ ಗೋಡೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪ್ರಕೃತಿ ವಿಕೋಪದ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಪಾಲು ಹೆಚ್ಚು, ಅದನ್ನು ಕಳೆದು ಉಳಿದದ್ದನ್ನು ಕೊಟ್ಟರು.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ಕಟ್ಟಿ ಅಭ್ಯಾಸವಿರುವ ನಮಗೆ ಇದು ಹೊಸತು. ಅಲ್ಲಿ ಮಳೆ ಮಾಪನದ ಅಂಕಿ ನೋಡಿ ಹಣ ಖಾತೆಗೆ ಬರುತ್ತದೆ. ಇಲ್ಲಿ ಬಿದ್ದದ್ದನ್ನು ತೋರಿಸಬೇಕು, ಬಿಲ್ ಕೊಡಬೇಕು. ಸರ್ವೇಯರ್ ಬರುವ ಮೊದಲು ಮಣ್ಣು ತೆಗೆಸಲೇಬೇಕಾದ ತುರ್ತಿದ್ದರೆ ಫೋಟೊ, ವಿಡಿಯೊ ತೆಗೆದು ಕಂಪನಿಗೆ ತಿಳಿಸಿಯೇ ತೆಗೆಸಿ.

ಜಾಗದ ಬೆಲೆಯನ್ನು ಮಾತ್ರ ಮನೆಯ ಈ ಎರಡು ಪಾಲಿಸಿಗಳಲ್ಲಿ ಯಾವುದೂ ಕೊಡುವುದಿಲ್ಲ. ಗುಡ್ಡದೊಂದಿಗೆ ನಿವೇಶನವೇ ಹೋದರೂ ಸಿಗುವುದು ಕಟ್ಟಡದ ಹಣವಷ್ಟೆ. ಅದಕ್ಕೇ ತಡೆಗೋಡೆಗೆ, ಅದರ ಹಿಂದಿನ ನೀರು ಹೊರಹೋಗುವ ಚರಂಡಿಗೆ ಮೊದಲ ದುಡ್ಡು. ಟೈಲ್ಸು, ಪಿಒಪಿ ಆಮೇಲೆ.

ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.