ವೈದ್ಯರು ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿರಿ

"ಗುಳಿಗೆ ದಿನಾ ತಗೋತೀರೇನ್ರಿ?" ಎಂದು ವೈದ್ಯರು ಕೇಳುತ್ತಾರೆ. "ಹೌದ್ರಿ" ಎನ್ನುತ್ತೇವೆ. ಮನೆಯಲ್ಲಿ ನೋಡಿದರೆ ಅರ್ಧ ಗುಳಿಗೆಗಳು ಹಾಗೆಯೇ ಉಳಿದಿರುತ್ತವೆ. ಹೀಗಾಗಲು ಮೂರು ಕಾರಣಗಳಿವೆ.

1. ಮರೆವು: ಹೊಲದ ಕೆಲಸ, ಮದುವೆ, ಜಾತ್ರೆಗಳಲ್ಲಿ ತಪ್ಪಿದ ದಿನಗಳು ನೆನಪಿನಲ್ಲಿ ಉಳಿಯುವುದಿಲ್ಲ.

2. ಅಂಜಿಕೆ, ನಾಚಿಕೆ: ಬೈದಾರೆಂದು ಸೆರೆ, ಬೀಡಿಯ ಲೆಕ್ಕ ಕಡಿಮೆ ಹೇಳುತ್ತೇವೆ.

3. ಪ್ರಶ್ನೆ ತಿಳಿಯದಿರುವುದು: "ತಂಬಾಕು ತಿನ್ನುತ್ತೀರಾ?" ಎಂದರೆ ಹಲ್ಲಿಗೆ ಮಿಶ್ರಿ ಹಚ್ಚುವ ತಾಯಂದಿರು "ಇಲ್ಲ" ಎನ್ನುತ್ತಾರೆ. ಆದರೆ ಮಿಶ್ರಿಯೂ ತಂಬಾಕೇ.

ಸಂಶೋಧಕರಿಗೆ ಈ ತೊಡಕು ಹಳೆಯದು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದವರು, ಮನೆಯಲ್ಲಿದ್ದು ಔಷಧಿ ಪಡೆಯುವ ರೋಗಿಗಳ ಮಾತನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಮೂತ್ರ ಪರೀಕ್ಷಿಸಿ ಔಷಧಿ ಹೊಟ್ಟೆಗೆ ಹೋಗಿದೆಯೇ ಎಂದು ನೋಡಿದರು. ಹೇಳದೆ ಮನೆಗೆ ಹೋಗಿ ಗುಳಿಗೆ ಎಣಿಸಿದರು.

ಹಾಗೆಂದು ರೋಗಿಯ ಮಾತಿಗೆ ಬೆಲೆಯಿಲ್ಲವೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ, 1963ರಲ್ಲಿ ಅಧ್ಯಯನ ಪ್ರಕಟಿಸಿದರು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ದೇಹದ ನೋವನ್ನು ರೋಗಿಯಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಮಾತು ತಪ್ಪುವುದು ಹೆಚ್ಚಾಗಿ ಮರೆವು, ನಾಚಿಕೆ ಇರುವಲ್ಲಿ.

ತಪ್ಪು ಉತ್ತರದಿಂದ ಅಪಾಯವೇನು? ಬಿಪಿ ಗುಳಿಗೆ ಬಿಟ್ಟವರು "ತಗೊಂಡೀನಿ" ಎಂದರೆ, ವೈದ್ಯರು ಔಷಧಿ ಸಾಲದೆಂದು ಪ್ರಮಾಣ ಹೆಚ್ಚಿಸುತ್ತಾರೆ. ಮುಂದೆ ಅಷ್ಟನ್ನೂ ನುಂಗಿದಾಗ ಬಿಪಿ ಅತಿಯಾಗಿ ಇಳಿದು ತಲೆ ತಿರುಗಿ ಬೀಳಬಹುದು. ಕ್ಷಯದ ಗುಳಿಗೆ ನಡುನಡುವೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಆಗ ಚಿಕಿತ್ಸೆ ಕಠಿಣವಾಗುತ್ತದೆ.

ಆದ್ದರಿಂದ:

* ಆಸ್ಪತ್ರೆಗೆ ಬರುವಾಗ ಉಳಿದ ಗುಳಿಗೆಗಳನ್ನೆಲ್ಲ ಚೀಲದಲ್ಲಿ ತನ್ನಿರಿ.
* ಗುಳಿಗೆ ತಪ್ಪಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.
* ದುಡ್ಡಿಲ್ಲದೆ ಅಥವಾ ಹೊಟ್ಟೆ ಉರಿದು ಬಿಟ್ಟಿದ್ದರೆ ಅದನ್ನೇ ಹೇಳಿರಿ; ದಾರಿ ಇರುತ್ತದೆ.
* ಜೊತೆಗೆ ಬಂದ ಬಂಧುಗಳು ರೋಗಿಯ ಬದಲು ಉತ್ತರಿಸಬಾರದು, ಎಲ್ಲರೆದುರು ಬೈಯಲೂಬಾರದು.
* ಸಮೀಕ್ಷೆಯವರು ಮನೆಗೆ ಬಂದರೆ ಉದ್ದೇಶ ಕೇಳಿರಿ. ನೆನಪಿಲ್ಲದ್ದಕ್ಕೆ "ನೆನಪಿಲ್ಲ" ಎನ್ನಿರಿ. ಇಷ್ಟವಿಲ್ಲದಿದ್ದರೆ ಉತ್ತರಿಸದಿರಲು ನಿಮಗೆ ಹಕ್ಕಿದೆ.

ಗುಳಿಗೆ ತಪ್ಪಿದ್ದನ್ನು ಹೇಳಿಕೊಳ್ಳುವುದು ಅವಮಾನವಲ್ಲ. ಸರಿಯಾದ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ.