ಖಾಸಗಿ ವಿದ್ಯುತ್ ಮಾರ್ಗ: ಯಾವ ಅನುಮತಿಗೆ ಎಷ್ಟು ಬಲ?

ನಕ್ಷೆಯ ಮೇಲೆ ರಾಯಚೂರಿನಿಂದ ಸೊಲ್ಲಾಪುರಕ್ಕೆ ನೇರ ಗೆರೆ ಎಳೆದರೆ ಅದು ಶಹಾಪುರದ ಆಸುಪಾಸಿನಲ್ಲಿಯೇ ಹಾಯುತ್ತದೆ. ದಕ್ಷಿಣದ ವಿದ್ಯುತ್ ಜಾಲವನ್ನು ದೇಶದ ಉಳಿದ ಜಾಲಕ್ಕೆ ಜೋಡಿಸಿದ 765 ಕಿಲೋವೋಲ್ಟ್ ಮಾರ್ಗಗಳು ಈ ಎರಡು ಊರುಗಳ ನಡುವಿನವು. 2013ರ ಡಿಸೆಂಬರ್ 31ರಂದು ಚಾಲನೆಗೊಂಡ ಮೊದಲನೆಯದು ಪವರ್‌ಗ್ರಿಡ್ ನಿಗಮದ್ದು. 2014ರಲ್ಲಿ ಪೂರ್ಣಗೊಂಡ ಎರಡನೆಯದು ಟೆಂಡರಿನಲ್ಲಿ ಆಯ್ಕೆಯಾದ ಖಾಸಗಿ ಕಂಪನಿಯದು. ಇಂತಹ ಮಾರ್ಗವು ಹೊಲ, ಜಿನ್ನಿಂಗ್ ಕಾರ್ಖಾನೆ ಅಥವಾ ದಾಲ್ ಮಿಲ್ಲಿನ ಜಾಗಕ್ಕೆ ಬಂದಾಗ "ಸರ್ಕಾರದ ಮಂಜೂರಾತಿ ಇದೆ" ಎಂಬ ಮಾತಿಗೆ ಮಣಿಯಬೇಕೇ ಎಂಬುದು ಯಾದಗಿರಿ, ಶಹಾಪುರ, ಸುರಪುರಗಳ ವರ್ತಕರೂ ತಿಳಿದಿರಬೇಕಾದ ಪ್ರಶ್ನೆ.

ಮಂಜೂರಾತಿ ಒಂದೇ ಅಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 14ನೆಯ ಕಲಂ ಪ್ರಸರಣದ ಪರವಾನಗಿಗೆ ಸಂಬಂಧಿಸಿದ್ದು. 68ನೆಯ ಕಲಂ ಮೇಲ್ತಂತಿ ಮಾರ್ಗಕ್ಕೆ ಬೇಕಾದ ಪೂರ್ವಾನುಮತಿ. ಇವೆರಡೂ ಪರರ ಜಮೀನಿನಲ್ಲಿ ಟವರು ನಿಲ್ಲಿಸುವ ಹಕ್ಕನ್ನು ಕೊಡುವುದಿಲ್ಲ. ಆ ಹಕ್ಕು 164ನೆಯ ಕಲಮಿನ ಪ್ರತ್ಯೇಕ ಲಿಖಿತ ಆದೇಶದಿಂದ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವಾಗಿ ದೊರೆಯುತ್ತದೆ. 2023ರ ದೂರಸಂಪರ್ಕ ಕಾಯ್ದೆ ಬಂದರೂ ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ಮೂರನೆಯ ಭಾಗವನ್ನು ಉಳಿಸಿಕೊಳ್ಳಲಾಗಿದೆ.

ವ್ಯಾಜ್ಯಗಳ ಗಂಟು ಇರುವುದು ಇಲ್ಲಿಯೇ. ಆ ಆದೇಶವಿಲ್ಲದ ಪರವಾನಗಿದಾರನು 2006ರ ನಿಯಮಗಳಂತೆ ಮಾಲೀಕನ ಪೂರ್ವಸಮ್ಮತಿ ಪಡೆಯಬೇಕು. ಮಾಲೀಕನು ಆಕ್ಷೇಪಿಸಿದರೆ ಜಿಲ್ಲಾಧಿಕಾರಿಯ ಲಿಖಿತ ಅನುಮತಿ ಬೇಕು. ಆದೇಶವಿದ್ದರೆ ಸಮ್ಮತಿಯ ಪ್ರಶ್ನೆಯೇ ಏಳದು. ಛತ್ತೀಸಗಢದ ಸುಣ್ಣದಕಲ್ಲು ಗಣಿಯ ಗುತ್ತಿಗೆ ಹೊಂದಿದ್ದ ಸೆಂಚುರಿ ಟೆಕ್ಸ್‌ಟೈಲ್ಸ್ ಕಂಪನಿಯು ಪವರ್‌ಗ್ರಿಡ್ ವಿರುದ್ಧ ಎತ್ತಿದ ತಕರಾರನ್ನು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ. ಅಲ್ಲಿ ಎದುರಾಳಿ ಸರ್ಕಾರಿ ಸಂಸ್ಥೆಯಾಗಿತ್ತು, ನಿಜ; ಆದರೆ ತೀರ್ಪಿನ ಆಧಾರ 164ನೆಯ ಕಲಂ ಆದುದರಿಂದ ಆದೇಶ ಪಡೆದ ಖಾಸಗಿ ಕಂಪನಿಗೂ ಅದು ಅನ್ವಯವಾಗುವಂತಹುದು. ದೊಡ್ಡ ಉದ್ಯಮವೇ ಸೋತ ವಾದವನ್ನು ಹಿಡಿದು ಕಲಬುರಗಿ ಹೈಕೋರ್ಟು ಪೀಠಕ್ಕೆ ಧಾವಿಸುವುದಕ್ಕೆ ಮೊದಲು ಆದೇಶದ ಪ್ರತಿಯನ್ನು ಕೇಳಿ ಪಡೆಯುವುದು ಲೇಸು.

ಆದೇಶವಿದ್ದಾಗ ಉಳಿಯುವ ಹೋರಾಟ ಪರಿಹಾರದ್ದು. ಮೊತ್ತ ಸಾಲದೆನಿಸಿದರೆ ಟೆಲಿಗ್ರಾಫ್ ಕಾಯ್ದೆಯ 16ನೆಯ ಕಲಮಿನಂತೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು. ಮುಂದೆ ಗೋದಾಮು ಕಟ್ಟುವ ಉದ್ದೇಶದಿಂದ ಮಾರ್ಗವನ್ನು ಸರಿಸುವಂತೆ ಕೋರಲು 17ನೆಯ ಕಲಮಿನಲ್ಲಿ ಅವಕಾಶವಿದೆ. ಇದನ್ನು ಬಲ್ಲವರು ಕಡಿಮೆ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರಿನ ತಳದ ಜಾಗಕ್ಕೆ ಭೂಮೌಲ್ಯದ ಶೇ. 85, ತಂತಿಯಡಿಯ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತ್ತು, 2024ರ ಜೂನ್ ಮಾರ್ಗಸೂಚಿಯು ಅವನ್ನು ಕ್ರಮವಾಗಿ ಶೇ. 200 ಹಾಗೂ ಶೇ. 30ಕ್ಕೆ ಏರಿಸಿದೆ. ಹಳೆಯ ದರ ನಮೂದಿಸಿದ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಸರ್ವೆ ನಂಬರು, ಪಟ್ಟಿಯ ಅಗಲ ಹಾಗೂ ಮಂಜೂರಾತಿಯ ದಿನಾಂಕಗಳನ್ನು ತಾಳೆ ನೋಡತಕ್ಕದ್ದು.